ಭೂತಸಂಭಾವನೆ

ಭೂತಸಂಭಾವನೆ ಎಂದರೆ ಕಳೆದ ಕಾಲದ ಘಟನೆಯೊಂದು ನಡೆದಿರಬಹುದು, ನಡೆದಿರಲಿಕ್ಕಿಲ್ಲ ಅಥವಾ ನಡೆಯಲು ಅವಕಾಶವಿದ್ದೂ ನಡೆಯದೆ ಹೋಯಿತು ಎಂಬುದನ್ನು ತಿಳಿಸುವ ವ್ಯಾಕರಣಾರ್ಥ. ಇಂಗ್ಲಿಷಿನಲ್ಲಿ ಇದನ್ನು 'ಮೇ', 'ಮೈಟ್', 'ಕುಡ್', 'ಮಸ್ಟ್', 'ಕಾಂಟ್' ಮೊದಲಾದ ಸಹಾಯಕ ಕ್ರಿಯಾಪದಗಳ ಮುಂದೆ 'ಹ್ಯಾವ್' ಮತ್ತು ಕ್ರಿಯಾಪದದ ಮೂರನೆಯ ರೂಪವನ್ನು ಇಟ್ಟು ಹೇಳುತ್ತಾರೆ. ಕನ್ನಡದಲ್ಲಿ ಅದೇ ಕೆಲಸವನ್ನು 'ಬಂದಿರಬಹುದು', 'ಬಂದಿರಬೇಕು', 'ಬಂದಿರಲಾರ', 'ಬರಬಹುದಿತ್ತು' ಎಂಬ ಮಾದರಿಯ ರೂಪಗಳು ಮಾಡುತ್ತವೆ. ಎರಡು ಭಾಷೆಗಳ ವ್ಯವಸ್ಥೆಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸರಿಹೊಂದುವಂತೆ ಕಂಡರೂ ಒಂದು ಮುಖ್ಯ ಜಾಗದಲ್ಲಿ ಬೇರೆಯಾಗುತ್ತವೆ. ಭೂತಕಾಲದ ಗುರುತನ್ನು ಇಡಲು ಕನ್ನಡಕ್ಕೆ ಎರಡು ಸ್ಥಾನಗಳಿವೆ, ಇಂಗ್ಲಿಷಿಗೆ ಒಂದೇ. ಈ ಲೇಖನ ಆ ವ್ಯತ್ಯಾಸವನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ನುಡಿ ಮತ್ತು ಇತಿಹಾಸದ ಉದಾಹರಣೆಗಳೊಂದಿಗೆ ವಿವರಿಸುತ್ತದೆ.

ಪರಿಭಾಷೆ

'ಸಂಭಾವನೆ' ಎಂದೊಡನೆ ಆಡುಮಾತಿನಲ್ಲಿ ಗೌರವಧನ ನೆನಪಾಗುತ್ತದೆ. ವ್ಯಾಕರಣದಲ್ಲಿ ಆ ಪದದ ಅರ್ಥ ಬೇರೆ: ಹೀಗಾಗಬಹುದು ಎಂಬ ಎಣಿಕೆ. ಕನ್ನಡದ ಶಾಲಾ ವ್ಯಾಕರಣಗಳು ಕಾಲರೂಪಗಳ ಜೊತೆಗೆ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂಬ ಮೂರು ರೂಪಗಳನ್ನು ಕಲಿಸುತ್ತವೆ. ಅವುಗಳಲ್ಲಿ ಸಂಭಾವನಾರ್ಥಕ್ಕೆ ಕೊಡುವ ಉದಾಹರಣೆ 'ಬಂದಾನು, ಬಂದಾಳು, ಬಂದಾರು, ಬಂದೀತು, ಬಂದೇನು' ಎಂಬ ಸಾಲು. ಇವು ಮುಂದೆ ಆಗಬಹುದಾದುದನ್ನು ಹೇಳುತ್ತವೆಯೇ ಹೊರತು ಹಿಂದೆ ಆಗಿರಬಹುದಾದುದನ್ನಲ್ಲ. ಹೀಗಾಗಿ ಭೂತಕಾಲದ ಸಂಭಾವನೆಗೆ ಶಾಲಾ ಪರಿಭಾಷೆಯಲ್ಲಿ ಪ್ರತ್ಯೇಕ ಹೆಸರಿಲ್ಲ.

ಇಲ್ಲಿ ಬಳಸಿರುವ ಪದಗಳು ಇವು. ನಡೆಯಿತೋ ಇಲ್ಲವೋ ತಿಳಿಯದೆ ಮಾಡುವ ಎಣಿಕೆ 'ಊಹಾಸಂಭಾವನೆ'. ನಡೆಯಲಿಲ್ಲ ಎಂದು ತಿಳಿದೇ ಆಡುವ ಮಾತು 'ತಪ್ಪಿದ ಸಂಭಾವನೆ'. 'ಮೇ', 'ಕುಡ್' ಮುಂತಾದವು ಮತ್ತು ಕನ್ನಡದ 'ಬಹುದು', 'ಬೇಕು' ಮುಂತಾದವು 'ಭಾವಸಹಾಯಕ'ಗಳು. ಇಂಗ್ಲಿಷ್ ಕ್ರಿಯಾಪದದ ಮೂರನೆಯ ರೂಪಕ್ಕೆ ತರಗತಿಗಳಲ್ಲಿ ರೂಢಿಯಲ್ಲಿರುವ 'ವಿ ತ್ರೀ' ಎಂಬ ಹೆಸರನ್ನೇ ಉಳಿಸಿಕೊಳ್ಳಲಾಗಿದೆ.

ಹುಟ್ಟು

ಇಂಗ್ಲಿಷಿನ ಭಾವಸಹಾಯಕಗಳು ಒಂದು ಕಾಲದಲ್ಲಿ ಪೂರ್ಣ ಕ್ರಿಯಾಪದಗಳಾಗಿದ್ದವು. ಹಳೆಯ ಇಂಗ್ಲಿಷಿನ 'ಮಗನ್' ಎಂದರೆ ಶಕ್ತಿ ಇರುವುದು, 'ಕುನ್ನನ್' ಎಂದರೆ ಬಲ್ಲವನಾಗಿರುವುದು. ಮೊದಲನೆಯದರಿಂದ 'ಮೇ' ಬಂತು, ಎರಡನೆಯದರಿಂದ 'ಕ್ಯಾನ್'. 'ಮೈಟ್' ಮತ್ತು 'ಕುಡ್' ಇವುಗಳ ಭೂತರೂಪಗಳು. 'ಕುಡ್' ಪದದ ಬರಹದಲ್ಲಿರುವ, ಉಚ್ಚಾರದಲ್ಲಿಲ್ಲದ 'ಲ್' ಅಕ್ಷರ ಮೂಲದಲ್ಲಿ ಇರಲೇ ಇಲ್ಲ. 'ವುಡ್', 'ಶುಡ್' ಪದಗಳನ್ನು ನೋಡಿ ಆಮೇಲೆ ಸೇರಿಸಿದ್ದು. 'ಮಸ್ಟ್' ಕೂಡ ಹುಟ್ಟಿನಿಂದ ಭೂತರೂಪವೇ. ವರ್ತಮಾನಕ್ಕೆ ಬಳಕೆಯಾಗಿ ಅದರ ಭೂತತ್ವ ಸವೆದುಹೋಯಿತು.

ಹಳೆಯ ಇಂಗ್ಲಿಷಿನಲ್ಲಿ 'ಮೈಟ್' ಪದದ ಪೂರ್ವರೂಪ ಒಂದೇ ಭೂತಕಾಲದ ಸಾಧ್ಯತೆಯನ್ನು ಹೇಳಬಲ್ಲದಾಗಿತ್ತು. ಕಾಲಕ್ರಮದಲ್ಲಿ ಅದು ವರ್ತಮಾನದ ಅಳುಕಿನ ಊಹೆಗೆ ಜಾರಿತು. ಭೂತದ ಗುರುತು ಬೇಕಾದಾಗ ಭಾಷೆ 'ಹ್ಯಾವ್' ಸಹಾಯ ಪಡೆಯಿತು. ಭಾವಸಹಾಯಕಗಳಿಗೆ ಮೂರನೆಯ ರೂಪವೂ ಇಲ್ಲ, ಕೃದಂತವೂ ಇಲ್ಲದ ಕಾರಣ ಬೇರೆ ದಾರಿಯಿರಲಿಲ್ಲ.

ಕನ್ನಡದ ಕಥೆ ಇನ್ನೊಂದು ಬಗೆ. 'ಬಹುದು' ಎಂಬುದು 'ಬರ್' ಧಾತುವಿನ ರೂಪ. ಹಳಗನ್ನಡದ 'ಬರ್ಪುದು' ಸವೆದು 'ಬಹುದು' ಆಯಿತು. ಅದರ ನಿಷೇಧರೂಪ 'ಬಾರದು' ಇಂದಿಗೂ ಆ ಮೂಲವನ್ನು ಬಿಟ್ಟುಕೊಡುತ್ತದೆ. ಸೇಡಂ ಮತ್ತು ಚಿಂಚೋಳಿಯ ಗಡಿಯಾಚೆಗಿನ ತೆಲುಗಿನಲ್ಲಿಯೂ ಸಾಧ್ಯತೆಯ ಪ್ರತ್ಯಯ 'ವಚ್ಚು', ಅದೂ 'ಬರು' ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಒಂದು ಕೆಲಸ 'ಬರುತ್ತದೆ' ಎಂಬುದು ಅದು ಒದಗುತ್ತದೆ, ಆಗುತ್ತದೆ ಎಂಬ ಅರ್ಥಕ್ಕೆ ಎರಡೂ ಭಾಷೆಗಳಲ್ಲಿ ತಿರುಗಿದೆ. 'ಬೇಕು' ಎಂಬುದರ ಹಳೆಯ ರೂಪ 'ಬೇೞ್ಕುಂ'. ಬಯಸು, ಬೇಡು ಎಂಬ ಅರ್ಥದ ಧಾತು ಅದರ ಬೇರು. 'ಬರಲಾರ' ಎಂಬುದರಲ್ಲಿರುವ 'ಆರ' ಶಕ್ತನಾಗು ಎಂಬ ಅರ್ಥದ 'ಆರ್' ಧಾತುವಿನ ನಿಷೇಧ.

ಸಂಭಾವನಾರ್ಥದ 'ಬಂದೀತು' ಮಾದರಿಯಲ್ಲಿ ಗಮನಿಸಬೇಕಾದ ವಿಚಿತ್ರವೊಂದಿದೆ. ಅದು ಕಟ್ಟಿಕೊಂಡಿರುವುದು 'ಬಂದ್' ಎಂಬ ಭೂತಪ್ರಕೃತಿಯ ಮೇಲೆ, ಸೂಚಿಸುವುದು ಭವಿಷ್ಯವನ್ನು. 'ಮೈಟ್', 'ಕುಡ್' ಪದಗಳು ಭೂತರೂಪದಲ್ಲಿದ್ದೂ 'ನಾಳೆ ಬಂದರೂ ಬಂದಾನು' ಎಂಬ ಅರ್ಥ ಕೊಡುವುದು ಇದಕ್ಕೆ ಸಮೀಪದ ಸಂಗತಿ. ಎರಡು ಬೇರೆ ಕುಲದ ಭಾಷೆಗಳು ಅನಿಶ್ಚಯವನ್ನು ಹೇಳಲು ಭೂತರೂಪದ ಕಡೆಗೇ ಕೈಚಾಚಿವೆ.

ವ್ಯಾಕರಣ ಪರಂಪರೆ

ಕನ್ನಡದಲ್ಲಿ ಕಾವ್ಯಭಾಷೆಯ ಲಕ್ಷಣವನ್ನು ಚರ್ಚಿಸಿದ, ನಮಗೆ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ'. ಅದು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅವನ ರಾಜಧಾನಿ ಮಾನ್ಯಖೇಟ ಇಂದಿನ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಪದ್ಧತಿಯ ವ್ಯಾಕರಣ ಮುಂದಿನ ಶತಮಾನಗಳದ್ದು: ಎರಡನೆಯ ನಾಗವರ್ಮನ ಗ್ರಂಥಗಳು, 1260ರ ಸುಮಾರಿನ ಕೇಶಿರಾಜನ 'ಶಬ್ದಮಣಿದರ್ಪಣ', 1604ರಲ್ಲಿ ಭಟ್ಟಾಕಳಂಕ ಸಂಸ್ಕೃತ ಸೂತ್ರಗಳಲ್ಲಿ ಬರೆದ 'ಶಬ್ದಾನುಶಾಸನ'. ಕೇಶಿರಾಜ ಆಖ್ಯಾತ ಪ್ರಕರಣದಲ್ಲಿ ಭೂತಕ್ಕೆ 'ದ', ವರ್ತಮಾನಕ್ಕೆ 'ದಪ', ಭವಿಷ್ಯಕ್ಕೆ 'ವ' ಎಂದು ಕಾಲಸೂಚಕಗಳನ್ನು ಹೇಳಿದ.

ಇಂಗ್ಲಿಷಿನ ಕಣ್ಣಿನಿಂದ ಕನ್ನಡವನ್ನು ನೋಡಿದ ವ್ಯಾಕರಣಗಳು ಹತ್ತೊಂಬತ್ತನೆಯ ಶತಮಾನದವು. ವಿಲಿಯಂ ಕೇರಿಯದು 1817ರಲ್ಲಿ, ಜಾನ್ ಮೆಕೆರೆಲ್‌ನದು 1820ರಲ್ಲಿ ಅಚ್ಚಾದವು. 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ನಿಘಂಟನ್ನೂ 1903ರಲ್ಲಿ ವ್ಯಾಕರಣವನ್ನೂ ಹೊರತಂದರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಎಸ್.ಎನ್. ಶ್ರೀಧರ್ ಅವರ 1990ರ ವರ್ಣನಾತ್ಮಕ ವ್ಯಾಕರಣ ಕನ್ನಡದ ಭಾವರೂಪಗಳನ್ನು ಆಧುನಿಕ ಭಾಷಾಶಾಸ್ತ್ರದ ಚೌಕಟ್ಟಿನಲ್ಲಿ ವಿವರಿಸಿತು. ಡಿ.ಎನ್. ಶಂಕರ ಭಟ್ಟರು ಕಾಲ, ಸ್ಥಿತಿ, ಭಾವ ಎಂಬ ಮೂರರಲ್ಲಿ ಯಾವುದಕ್ಕೆ ಯಾವ ಭಾಷೆ ಪ್ರಾಧಾನ್ಯ ಕೊಡುತ್ತದೆ ಎಂಬುದರ ಮೇಲೆ 1999ರಲ್ಲಿ ಪ್ರತ್ಯೇಕ ಪುಸ್ತಕವನ್ನೇ ಬರೆದರು. ಇಂಗ್ಲಿಷ್ ಭಾವಸಹಾಯಕಗಳ ಮೇಲೆ ಹೆಚ್ಚು ಬಳಕೆಯಲ್ಲಿರುವ ಅಧ್ಯಯನಗಳು ಎಫ್.ಆರ್. ಪಾಮರ್ ಅವರವು.

ರಚನೆ

ಇಂಗ್ಲಿಷಿನ ಸೂತ್ರ ಸರಳ: ಭಾವಸಹಾಯಕ, ಅದರ ಮುಂದೆ 'ಹ್ಯಾವ್', ಅದರ ಮುಂದೆ ವಿ ತ್ರೀ. 'ದ ಟ್ರೇನ್ ಮೇ ಹ್ಯಾವ್ ಲೆಫ್ಟ್ ವಾಡಿ' ಎಂದರೆ ಗಾಡಿ ವಾಡಿಯನ್ನು ಬಿಟ್ಟಿರಬಹುದು. ಕರ್ತೃ ಯಾರೇ ಇರಲಿ 'ಹ್ಯಾವ್' ಬದಲಾಗುವುದಿಲ್ಲ. 'ಹೀ', 'ಶೀ' ಬಂದರೂ 'ಹ್ಯಾಸ್' ಆಗದು. ಕ್ರಿಯೆ ನಡೆಯುತ್ತಲೇ ಇತ್ತು ಎನ್ನಬೇಕಾದರೆ 'ಬೀನ್' ಸೇರುತ್ತದೆ: 'ದೇ ಮೇ ಹ್ಯಾವ್ ಬೀನ್ ವೇಟಿಂಗ್', ಅವರು ಕಾಯುತ್ತಿದ್ದಿರಬಹುದು. ಕರ್ಮಣಿಯಲ್ಲೂ 'ಬೀನ್' ಬೇಕು: 'ದ ಫೋರ್ಟ್ ಮೇ ಹ್ಯಾವ್ ಬೀನ್ ರಿಬಿಲ್ಟ್', ಕೋಟೆಯನ್ನು ಮತ್ತೆ ಕಟ್ಟಿರಬಹುದು. ಎರಡನೆಯ ವಾಕ್ಯಕ್ಕೆ ಕನ್ನಡ ಕರ್ಮಣಿಯನ್ನು ಕೇಳುವುದಿಲ್ಲ. ಕರ್ತೃವನ್ನು ಬಿಟ್ಟುಬಿಟ್ಟರೆ ಸಾಕು.

ಕನ್ನಡದ ರಚನೆ ಮೂರು ತುಂಡುಗಳದ್ದು: ಭೂತ ಕೃದಂತ 'ಬಂದು', ಅದರ ಮೇಲೆ 'ಇರು', ಅದರ ಮೇಲೆ ಭಾವಸಹಾಯಕ. ಬಂದು, ಇರ, ಬಹುದು ಸೇರಿ 'ಬಂದಿರಬಹುದು'. ಇಲ್ಲಿ 'ಇರು' ಮಾಡುವ ಕೆಲಸ ಇಂಗ್ಲಿಷಿನ 'ಹ್ಯಾವ್' ಮಾಡುವ ಕೆಲಸವೇ; ಮುಗಿದ ಕ್ರಿಯೆಯ ಫಲ ನಿಂತಿರುವುದನ್ನು ಅದು ತೋರುತ್ತದೆ. 'ಬಹುದು' ಪುರುಷ, ಲಿಂಗ, ವಚನಗಳಿಗೆ ಬದಲಾಗದು. ನಾನು, ನೀನು, ಅವರು, ಮಳೆ, ಬಸ್ಸು ಎಲ್ಲದಕ್ಕೂ ಒಂದೇ. ಸಂಭಾವನಾರ್ಥದ 'ಆನು', 'ಈತು' ಪ್ರತ್ಯಯಗಳನ್ನೂ 'ಇರು' ಮೇಲೆ ಹಚ್ಚಿ 'ಬಂದಿದ್ದಾನು', 'ಬಂದಿದ್ದೀತು' ಎನ್ನಬಹುದು. ಈ ರೂಪಗಳು ಇಂದು ಬರಹದಲ್ಲಿ ಅಪರೂಪ, ಮಾತಿನಲ್ಲಿ ಇನ್ನೂ ಅಪರೂಪ.

ಎರಡು ಸ್ಥಾನ, ಒಂದು ಸ್ಥಾನ

ವ್ಯವಸ್ಥೆಯ ತಿರುಳು ಇಲ್ಲಿದೆ. 'ಶೀ ಕುಡ್ ಹ್ಯಾವ್ ಟೇಕನ್ ದ ಬಸ್ ಟು ಚಿಂಚೋಳಿ' ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ಒಂದು: ಅವಳು ಚಿಂಚೋಳಿ ಬಸ್ಸು ಹತ್ತಿರಬಹುದು, ನನಗೆ ಗೊತ್ತಿಲ್ಲ. ಇನ್ನೊಂದು: ಅವಳು ಚಿಂಚೋಳಿ ಬಸ್ಸು ಹತ್ತಬಹುದಿತ್ತು, ಆದರೆ ಹತ್ತಲಿಲ್ಲ. ಮೊದಲನೆಯದು ಊಹಾಸಂಭಾವನೆ, ಎರಡನೆಯದು ತಪ್ಪಿದ ಸಂಭಾವನೆ. ಇಂಗ್ಲಿಷ್ ಕೇಳುಗ ಸಂದರ್ಭದಿಂದ, ಸ್ವರಭಾರದಿಂದ ಆರಿಸಿಕೊಳ್ಳಬೇಕು. ಕನ್ನಡ ಕೇಳುಗನಿಗೆ ಆರಿಸುವ ಪ್ರಶ್ನೆಯೇ ಇಲ್ಲ.

ಕಾರಣ ಭೂತದ ಗುರುತು ಕೂಡುವ ಜಾಗ. 'ಹತ್ತಿರಬಹುದು' ಎಂಬಲ್ಲಿ ಭೂತತ್ವ ಭಾವಸಹಾಯಕದ ಒಳಗಡೆ, ಕ್ರಿಯೆಯ ಮೇಲಿದೆ: ಹತ್ತಿದ್ದು ಹಿಂದೆ, ಊಹಿಸುವುದು ಈಗ. 'ಹತ್ತಬಹುದಿತ್ತು' ಎಂಬಲ್ಲಿ ಭೂತತ್ವ ಭಾವಸಹಾಯಕದ ಹೊರಗಡೆ, 'ಇತ್ತು' ಎಂಬುದರಲ್ಲಿದೆ: ಸಾಧ್ಯತೆಯೇ ಹಿಂದಿನದು, ಈಗ ಮುಗಿದುಹೋದದ್ದು. ಇಂಗ್ಲಿಷಿನಲ್ಲಿ 'ಕುಡ್' ಪದಕ್ಕೆ ಹೊರಗೆ ಏನನ್ನೂ ಹಚ್ಚಲು ಬರುವುದಿಲ್ಲ. ಹೀಗಾಗಿ ಒಳಗಿನ ಭೂತವನ್ನೂ ಹೊರಗಿನ ಭೂತವನ್ನೂ ಅದೊಂದೇ 'ಹ್ಯಾವ್' ಹೊರಬೇಕಾಗುತ್ತದೆ.

ಕನ್ನಡ ಎರಡೂ ಸ್ಥಾನಗಳನ್ನು ಒಟ್ಟಿಗೆ ತುಂಬಬಲ್ಲದು. 'ಬೆಳಿಗ್ಗೆಯೇ ಹೊರಟಿದ್ದರೆ ಈ ಹೊತ್ತಿಗೆ ಸೇಡಂ ತಲುಪಿರಬಹುದಿತ್ತು' ಎಂಬಲ್ಲಿ ತಲುಪಿ ಮುಗಿಯುವುದೂ ಇದೆ, ಆ ಅವಕಾಶ ಕಳೆದದ್ದೂ ಇದೆ. ಇದಕ್ಕೂ ಇಂಗ್ಲಿಷಿನಲ್ಲಿ ಸಿಗುವುದು 'ಕುಡ್ ಹ್ಯಾವ್ ರೀಚ್ಡ್' ಅಥವಾ 'ಮೈಟ್ ಹ್ಯಾವ್ ರೀಚ್ಡ್' ಎಂಬುದೇ.

'ಬೇಕು' ಕೂಡ ಇದೇ ಹಾದಿಯಲ್ಲಿ ನಡೆಯುತ್ತದೆ. 'ಬಂದಿರಬೇಕು' ಅನುಮಾನ, ಇಂಗ್ಲಿಷಿನಲ್ಲಿ 'ಮಸ್ಟ್ ಹ್ಯಾವ್ ಕಮ್'. 'ಬರಬೇಕಿತ್ತು' ನೆರವೇರದ ಕರ್ತವ್ಯ, ಇಂಗ್ಲಿಷಿನಲ್ಲಿ 'ಶುಡ್ ಹ್ಯಾವ್ ಕಮ್'. ಇಲ್ಲಿ ಮಾತ್ರ ಇಂಗ್ಲಿಷ್ ಗೊಂದಲಕ್ಕೆ ಎಡೆಗೊಡದೆ ಎರಡು ಬೇರೆ ಪದಗಳನ್ನು ಬಳಸಿದೆ. 'ಹೇಳಿದ್ದರೆ ಬರುತ್ತಿದ್ದ' ಎಂಬ ಷರತ್ತಿನ ವಾಕ್ಯಕ್ಕೆ 'ವುಡ್ ಹ್ಯಾವ್ ಕಮ್' ಸರಿ. ಕನ್ನಡದಲ್ಲಿ ಅದಕ್ಕೆ ಭಾವಸಹಾಯಕವೇ ಬೇಡ.

'ಮೇ ಹ್ಯಾವ್' ಮತ್ತು 'ಮೈಟ್ ಹ್ಯಾವ್' ನಡುವಣ ವ್ಯತ್ಯಾಸವೂ ಈ ಎರಡು ಬಗೆಗಳಿಗೇ ಸೇರಿದ್ದು. ಶಿಷ್ಟ ಬರಹದಲ್ಲಿ 'ಮೇ ಹ್ಯಾವ್' ಊಹೆಗೆ ಮಾತ್ರ ಮೀಸಲು. ತಪ್ಪಿದ ಸಂಭಾವನೆಗೆ 'ಮೈಟ್ ಹ್ಯಾವ್' ಇಲ್ಲವೆ 'ಕುಡ್ ಹ್ಯಾವ್' ಬೇಕು. ಸೇತುವೆಯಿಂದ ಬಿದ್ದೂ ಬದುಕಿ ಉಳಿದವನ ಬಗ್ಗೆ 'ಹೀ ಮೇ ಹ್ಯಾವ್ ಡೈಡ್' ಎಂದು ಬರೆದರೆ ಅವನು ಸತ್ತನೋ ಬದುಕಿದನೋ ಇನ್ನೂ ತಿಳಿಯದು ಎಂಬ ಅರ್ಥ ಬರುತ್ತದೆ. ಪತ್ರಿಕೆಗಳಲ್ಲಿ ಈ ಗಡಿ ಸಡಿಲವಾಗುತ್ತಿದೆ, ಬಳಕೆಯ ಕೈಪಿಡಿಗಳು ಆಕ್ಷೇಪಿಸುತ್ತಲೇ ಇವೆ. ಕೈಪಿಡಿಗಳ ಪಕ್ಷ ಇಲ್ಲಿ ನ್ಯಾಯವಾದುದು, ಏಕೆಂದರೆ ಗಡಿ ಅಳಿದರೆ ಅಳಿಯುವುದು ಅರ್ಥವೇ.

ನಿಷೇಧ

ನಿಷೇಧದಲ್ಲಿ ಇಂಗ್ಲಿಷ್ ಎರಡು ಅರ್ಥಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. 'ಮೇ ನಾಟ್ ಹ್ಯಾವ್ ಕಮ್' ಎಂದರೆ ಬಾರದೆ ಇದ್ದಿರಬಹುದು. ಇಲ್ಲಿ 'ನಾಟ್' ಅಂಟುವುದು ಬರುವಿಕೆಗೆ. 'ಕಾಂಟ್ ಹ್ಯಾವ್ ಕಮ್' ಎಂದರೆ ಬಂದಿರಲು ಸಾಧ್ಯವೇ ಇಲ್ಲ. ಇಲ್ಲಿ 'ನಾಟ್' ಅಂಟುವುದು ಸಾಧ್ಯತೆಗೆ. ಅಮೆರಿಕದ ಬಳಕೆಯಲ್ಲಿ ಎರಡನೆಯದಕ್ಕೆ 'ಕುಡಂಟ್ ಹ್ಯಾವ್' ಹೆಚ್ಚು ರೂಢಿ. 'ಕ್ಯಾನ್ ಹ್ಯಾವ್ ಕಮ್' ಎಂಬುದು ನಿಷೇಧವಿಲ್ಲದ ಸಾಮಾನ್ಯ ಹೇಳಿಕೆಯಲ್ಲಿ ಬರುವುದಿಲ್ಲ. ಪ್ರಶ್ನೆಯಲ್ಲಿ ಮಾತ್ರ ಬರುತ್ತದೆ.

ಕನ್ನಡದಲ್ಲಿ 'ಬಹುದು' ಪದದ ನಿಷೇಧ 'ಬಾರದು' ಎಂಬುದು ಸಾಧ್ಯತೆಯ ಕ್ಷೇತ್ರವನ್ನೇ ಬಿಟ್ಟು ಕಟ್ಟಳೆಯ ಕ್ಷೇತ್ರಕ್ಕೆ ಹೋಗಿಬಿಟ್ಟಿದೆ. 'ಬರಬಾರದು' ಎಂದರೆ ಬರುವುದು ಕೂಡದು, 'ಬರಬಾರದಿತ್ತು' ಎಂದರೆ ಬಂದದ್ದು ತಪ್ಪಾಯಿತು. ಖಾಲಿಯಾದ ಜಾಗವನ್ನು ಬೇರೆ ರೂಪಗಳು ತುಂಬಿವೆ. 'ಬಂದಿರಲಿಕ್ಕಿಲ್ಲ' ಎಂಬುದು ಮೆದು ನಿಷೇಧ, ಬಹುಶಃ ಬಂದಿಲ್ಲ ಎಂಬಷ್ಟು. 'ಬಂದಿರಲಾರ' ಗಟ್ಟಿ ನಿಷೇಧ. ಇದೊಂದೇ ಪುರುಷ ಮತ್ತು ಲಿಂಗಕ್ಕೆ ತಕ್ಕಂತೆ 'ಬಂದಿರಲಾರಳು', 'ಬಂದಿರಲಾರದು', 'ಬಂದಿರಲಾರರು' ಎಂದು ಬದಲಾಗುತ್ತದೆ. 'ಬಾರದೆ ಇದ್ದಿರಬಹುದು' ಎಂಬುದು ಇಂಗ್ಲಿಷಿನ 'ಮೇ ನಾಟ್ ಹ್ಯಾವ್' ರೂಪಕ್ಕೆ ಅತ್ಯಂತ ಹತ್ತಿರದ್ದು.

ಖಚಿತತೆಯ ಮಟ್ಟಗಳು

ಇಂಗ್ಲಿಷಿನಲ್ಲಿ 'ಮಸ್ಟ್ ಹ್ಯಾವ್' ಎಲ್ಲಕ್ಕಿಂತ ಖಚಿತ. 'ಮೇ ಹ್ಯಾವ್' ನಡುವಿನದು. 'ಮೈಟ್ ಹ್ಯಾವ್', 'ಕುಡ್ ಹ್ಯಾವ್' ಅದಕ್ಕಿಂತ ಒಂದಿಷ್ಟು ಅಳುಕಿನವು. 'ವಿಲ್ ಹ್ಯಾವ್' ಕೂಡ ಊಹೆಗೆ ಒದಗುತ್ತದೆ.

ಕನ್ನಡ ಮಟ್ಟಗಳನ್ನು ತೋರಿಸಲು ಭಾವಸಹಾಯಕವನ್ನು ಬದಲಿಸುವುದಕ್ಕಿಂತ ಚಿಕ್ಕ ಅವ್ಯಯಗಳನ್ನು ಸೇರಿಸುವುದೇ ಹೆಚ್ಚು. 'ಬಂದೇ ಇರಬೇಕು' ಎಂದಾಗ 'ಏ' ಖಚಿತತೆಯನ್ನು ಏರಿಸುತ್ತದೆ. 'ಬಂದಿದ್ದರೂ ಬಂದಿರಬಹುದು' ಎಂದಾಗ 'ರೂ' ಅದನ್ನು ಇಳಿಸುತ್ತದೆ. 'ಬಂದನೋ ಏನೋ' ಎಂದಾಗ ಹೇಳುವವನು ಹೊಣೆಯನ್ನೇ ಕೊಡವಿಕೊಳ್ಳುತ್ತಾನೆ. 'ಬಂದಿದ್ದನಂತೆ' ಎಂಬುದು ಊಹೆಯಲ್ಲ, ಇನ್ನೊಬ್ಬರಿಂದ ಕೇಳಿದ ಸುದ್ದಿ; ಇದಕ್ಕೆ ಇಂಗ್ಲಿಷಿನಲ್ಲಿ ಭಾವಸಹಾಯಕವೇ ಇಲ್ಲ, ಬೇರೆ ಮಾತು ಸೇರಿಸಬೇಕು. ಕನ್ನಡದ 'ಬಂದಿರಬೇಕು' ಇಂಗ್ಲಿಷಿನ 'ಮಸ್ಟ್ ಹ್ಯಾವ್' ರೂಪಕ್ಕಿಂತ ದುರ್ಬಲ ಎಂಬುದನ್ನೂ ಗಮನಿಸಬೇಕು. 'ಬಂದಿರಬೇಕು ನೋಡ್ರಿ' ಎನ್ನುವವರು ಬಹುಪಾಲು ಸಂದರ್ಭಗಳಲ್ಲಿ ಆಧಾರ ಕೊಡಲು ಸಿದ್ಧರಿರುವುದಿಲ್ಲ.

ಭೂತಕಾಲದ ಸಾಮರ್ಥ್ಯ

'ಕುಡ್' ಒಂಟಿಯಾಗಿ ಬಂದಾಗ ಹಿಂದಿನ ಸಾಮರ್ಥ್ಯವನ್ನು ಹೇಳುತ್ತದೆ: 'ಹೀ ಕುಡ್ ಸ್ವಿಮ್', ಅವನಿಗೆ ಈಜು ಬರುತ್ತಿತ್ತು. ಆದರೆ ಒಂದು ದಿನ ಒಂದು ಸಲ ಕೆಲಸ ಕೈಗೂಡಿತು ಎನ್ನಲು ಅದು ಸಲ್ಲದು. ಮುಲ್ಲಾಮಾರಿ ನದಿ ತುಂಬಿ ಹರಿದ ದಿನ ಅವನಿಗೆ ಆಚೆ ದಡ ಸೇರಲು ಆಯಿತು ಎಂಬುದಕ್ಕೆ 'ವಾಸ್ ಏಬಲ್ ಟು' ಅಥವಾ 'ಮ್ಯಾನೇಜ್ಡ್ ಟು' ಬೇಕು. ಕನ್ನಡದಲ್ಲಿ 'ಬರುತ್ತಿತ್ತು' ಮತ್ತು 'ಆಯಿತು' ಈ ಗೆರೆಯನ್ನೇ ಎಳೆದಿವೆ. ನಿಷೇಧದಲ್ಲಿ ಮಾತ್ರ ಇಂಗ್ಲಿಷ್ ಗೆರೆಯನ್ನು ಅಳಿಸುತ್ತದೆ. 'ಕುಡಂಟ್' ಎರಡಕ್ಕೂ ನಡೆಯುತ್ತದೆ.

ಪರೋಕ್ಷ ಮಾತು

ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಇಂಗ್ಲಿಷಿನಲ್ಲಿ 'ಮೇ' ಎಂಬುದು 'ಮೈಟ್' ಆಗಿ ಹಿಂದೆ ಸರಿಯುತ್ತದೆ. 'ಮಳೆ ಬರಬಹುದು' ಎಂದು ಅವನು ನಿನ್ನೆ ಹೇಳಿದ್ದನ್ನು ಇಂಗ್ಲಿಷ್ 'ಹೀ ಸೆಡ್ ಇಟ್ ಮೈಟ್ ರೇನ್' ಎನ್ನುತ್ತದೆ. ಕನ್ನಡ 'ಎಂದು' ಇಟ್ಟು ಮೂಲಮಾತನ್ನು ಹಾಗೆಯೇ ಬಿಡುತ್ತದೆ, ಕಾಲ ಸರಿಯುವುದಿಲ್ಲ. ಇಲ್ಲಿಯ 'ಮೈಟ್' ರೂಪಕ್ಕೆ 'ಹ್ಯಾವ್' ಬೇಕಿಲ್ಲ, ಏಕೆಂದರೆ ಭೂತಕ್ಕೆ ಸೇರಿದ್ದು ಹೇಳಿಕೆ, ಮಳೆಯಲ್ಲ.

ಪ್ರದೇಶದ ನುಡಿಗಳು

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ತಾಲೂಕುಗಳು ಮತ್ತು ಚಿತ್ತಾಪುರ ತಾಲೂಕಿನ ರೈಲು ಜಂಕ್ಷನ್ ಪಟ್ಟಣ ವಾಡಿ ಕನ್ನಡ, ದಖನಿ ಉರ್ದು, ತೆಲುಗು ಮತ್ತು ಲಂಬಾಣಿ ಬೆರೆಯುವ ಸೀಮೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ 1874ರಲ್ಲಿ ತೆರೆಯಿತು. ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಇಲ್ಲಿಯ ಕನ್ನಡದಲ್ಲಿ 'ಬಂದಾನ', 'ಬಂದಾಳ', 'ಬಂದಾರ' ಎಂದರೆ ಬಂದಿದ್ದಾನೆ, ಬಂದಿದ್ದಾಳೆ, ಬಂದಿದ್ದಾರೆ. ಮಳೆಗೆ 'ಬಂದದ'. ಪಠ್ಯಪುಸ್ತಕದ ಸಂಭಾವನಾರ್ಥ 'ಬಂದಾನು' ಎಂಬುದಕ್ಕೂ ಈ 'ಬಂದಾನ' ಎಂಬುದಕ್ಕೂ ನಡುವೆ ಇರುವುದು ಕೊನೆಯ ಸ್ವರವೊಂದೇ. ಒಂದು ನಡೆದುಹೋದ ಸಂಗತಿ, ಇನ್ನೊಂದು ನಡೆಯಬಹುದಾದ ಶಂಕೆ. ಭೂತದ ಊಹೆಗೆ ಮಾತಿನಲ್ಲಿ 'ಬಂದಿರ್ಬೌದು', 'ಬಂದಿರ್ಬೇಕು' ಎಂಬ ರೂಪಗಳೇ ನಡೆಯುತ್ತವೆ, ತಪ್ಪಿದ್ದಕ್ಕೆ 'ಬರಬೌದಿತ್ತು'. ಎರಡು ಸ್ಥಾನಗಳ ಭೇದ ಮಾತಿನಲ್ಲೂ ಕೆಡದೆ ಉಳಿದಿದೆ.

ಸುತ್ತಣ ಭಾಷೆಗಳು ಇನ್ನೊಂದು ಸಮಾನ ಹಾದಿಯನ್ನು ತೋರಿಸುತ್ತವೆ. ಉರ್ದುವಿನ 'ಆಯಾ ಹೋಗಾ', ಮರಾಠಿಯ 'ಆಲಾ ಅಸೇಲ', ತೆಲುಗಿನ 'ವಚ್ಚಿ ಉಂಟಾಡು', ಕನ್ನಡದ 'ಬಂದಿರುತ್ತಾನೆ' ಇವೆಲ್ಲ 'ಇರು' ಎಂಬ ಅರ್ಥದ ಕ್ರಿಯಾಪದದ ಭವಿಷ್ಯ ಅಥವಾ ಭೂತೇತರ ರೂಪವನ್ನು ಹಿಂದಿನ ಘಟನೆಯ ಊಹೆಗೆ ದುಡಿಸಿಕೊಂಡಿವೆ. ತಪ್ಪಿದ ಸಂಭಾವನೆಗೆ ಉರ್ದು 'ಆ ಸಕ್ತಾ ಥಾ' ಎನ್ನುತ್ತದೆ. ಇಲ್ಲಿ 'ಥಾ' ಇರುವುದು ಕನ್ನಡದ 'ಇತ್ತು' ಇರುವ ಜಾಗದಲ್ಲೇ. ಮನೆಯಲ್ಲಿ ಕನ್ನಡವಿರಲಿ ದಖನಿಯಿರಲಿ, ಈ ಸೀಮೆಯ ವಿದ್ಯಾರ್ಥಿಗೆ ಇಂಗ್ಲಿಷಿನ ಒಂದೇ ಸ್ಥಾನದ ಪದ್ಧತಿ ಸಮನಾಗಿ ಹೊಸದು.

ಬಳಕೆ

ಭೂತಸಂಭಾವನೆ ಅತಿ ಹೆಚ್ಚು ಬೇಕಾಗುವುದು ಇತಿಹಾಸ ಬರಹಕ್ಕೆ, ಮತ್ತು ಅದಕ್ಕೆ ಬೇಕಾದ ಸಾಮಗ್ರಿ ಈ ಐದು ಊರುಗಳ ಸುತ್ತಲೇ ಇದೆ. 'ಕವಿರಾಜಮಾರ್ಗ'ವನ್ನು 1898ರಲ್ಲಿ ಕೆ.ಬಿ. ಪಾಠಕರು ಮೊದಲ ಬಾರಿಗೆ ಅಚ್ಚಿಗೆ ಸಿದ್ಧಪಡಿಸಿದಾಗ ನೃಪತುಂಗನೇ ಕರ್ತೃವೆಂದು ತಿಳಿಯಲಾಗಿತ್ತು. ಆಮೇಲಿನ ವಿದ್ವಾಂಸರಲ್ಲಿ ಹೆಚ್ಚಿನವರು ಆಸ್ಥಾನಕವಿ ಶ್ರೀವಿಜಯನೇ ಬರೆದನೆಂದೂ ದೊರೆಯ ಒಪ್ಪಿಗೆ ಅದಕ್ಕಿತ್ತೆಂದೂ ವಾದಿಸಿದರು. ಆ ಗ್ರಂಥ ಹೆಸರಿಸುವ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕನ್ನಡ ಗದ್ಯ ನಮಗೆ ಉಳಿದುಬಂದಿಲ್ಲ. ಅವರ ಬರಹ ಹೇಗಿತ್ತು ಎಂಬುದರ ಕುರಿತ ಪ್ರತಿ ವಾಕ್ಯವೂ 'ಇದ್ದಿರಬಹುದು' ಎಂದೇ ಮುಗಿಯಬೇಕು.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳಿರುವ ಕಲ್ಲು 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ಅದು ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧ ಸ್ತೂಪದ ಜೊತೆಗೆ ಅಶೋಕನ ಹೆಸರು ಕೊರೆದ ಉಬ್ಬುಶಿಲ್ಪವೂ ಸಿಕ್ಕಿತು. ಶಾಸನ ಇಲ್ಲಿದೆ ಎಂಬುದು ಸಂಗತಿ. ದೊರೆ ಇಲ್ಲಿಗೆ ಬಂದಿರಬಹುದು ಎಂಬುದು ಊಹೆ. ಇಂಗ್ಲಿಷಿನಲ್ಲಿ ಇದನ್ನು 'ಅಶೋಕ ಮೇ ಹ್ಯಾವ್ ವಿಸಿಟೆಡ್' ಎಂದು ಬರೆಯುವವರು 'ವಿಸಿಟೆಡ್' ಎಂದಷ್ಟೇ ಬರೆದರೆ ಊಹೆ ಚರಿತ್ರೆಯಾಗಿಬಿಡುತ್ತದೆ. ಅದೇ ತಾಲೂಕಿನ ನಾಗಾವಿಯಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿದ್ದುದನ್ನು 1058ರ ಶಾಸನ ತಿಳಿಸುತ್ತದೆ. ಅಲ್ಲಿ 200 ವೇದ ವಿದ್ಯಾರ್ಥಿಗಳು, 52 ಶಾಸ್ತ್ರ ವಿದ್ಯಾರ್ಥಿಗಳು ಮತ್ತು ಪುಸ್ತಕಭಂಡಾರ ನೋಡಿಕೊಳ್ಳುವ 6 ಮಂದಿ ಸರಸ್ವತೀ ಭಂಡಾರಿಗರಿದ್ದರು. ಸಂಖ್ಯೆಗಳನ್ನು ನೇರ ಭೂತದಲ್ಲಿ ಬರೆಯಬಹುದು. ಆ ಭಂಡಾರದಲ್ಲಿ ಯಾವ ಪುಸ್ತಕಗಳಿದ್ದವು ಎಂಬ ಪ್ರಶ್ನೆಗೆ ಉತ್ತರ ಮಾತ್ರ ಭೂತಸಂಭಾವನೆಯದೇ.

ನ್ಯಾಯಾಲಯದಲ್ಲೂ ಇದಕ್ಕೆ ಜಾಗವಿದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 114ನೆಯ ಕಲಮು, ಸಹಜ ಘಟನಾಕ್ರಮವನ್ನೂ ಮನುಷ್ಯರ ನಡವಳಿಕೆಯನ್ನೂ ಗಮನಿಸಿ ಯಾವ ಸಂಗತಿ ನಡೆದಿರುವ ಸಂಭವವಿದೆಯೋ ಅದನ್ನು ಇದೆಯೆಂದು ಭಾವಿಸಿಕೊಳ್ಳಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಅಂಶ 119ನೆಯ ಕಲಮಾಗಿದೆ. ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಈ ಅರ್ಥ 'ಎಂದು ಶಂಕಿಸಲಾಗಿದೆ' ಎಂಬ ಸಿದ್ಧರೂಪ ತಾಳಿದೆ. 'ಇರಬಹುದು' ಎಂದರೆ ಸಾಕಾಗುವ ಕಡೆಯೂ ಅದು ಬರುತ್ತದೆ.

ತಪ್ಪಿದ ಸಂಭಾವನೆಯ ಬಳಕೆ ಹೆಚ್ಚಾಗಿ ಹಳಹಳಿಕೆಯಲ್ಲಿ, ಆಕ್ಷೇಪಣೆಯಲ್ಲಿ. 'ಒಂದು ಫೋನ್ ಮಾಡಬಹುದಿತ್ತಲ್ಲ' ಎಂಬುದು ಸಾಧ್ಯತೆಯ ವಾಕ್ಯವಾಗಿ ಹುಟ್ಟಿ ದೂರಾಗಿ ಕೊನೆಗೊಳ್ಳುತ್ತದೆ. ಇಂಗ್ಲಿಷಿನ 'ಯು ಮೈಟ್ ಹ್ಯಾವ್ ಕಾಲ್ಡ್' ಕೂಡ ಹಾಗೆಯೇ.

ಕಲಿಕೆ ಮತ್ತು ಇಂದಿನ ಸ್ಥಿತಿ

ನಿಜಾಮರ ಕಾಲದಲ್ಲಿ ಈ ಸೀಮೆಯಲ್ಲಿ ಆಡಳಿತ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಟ್ಟಿತು. ಇಂದು ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆ. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೆ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಆರಂಭವಾಯಿತು.

ಕನ್ನಡಿಗ ಕಲಿಯುವವರಲ್ಲಿ ಈ ರಚನೆಯ ಸುತ್ತ ಕಾಣುವ ತಪ್ಪುಗಳು ಕೆಲವು ಬಗೆಯವು. 'ಮೇ ಕೇಮ್' ಎಂದು ಭಾವಸಹಾಯಕದ ಮುಂದೆ ನೇರವಾಗಿ ಭೂತರೂಪ ಇಡುವುದು ಒಂದು. 'ಬಂದೀತು' ಮಾದರಿಯಲ್ಲಿ ಭೂತಪ್ರಕೃತಿಯ ಮೇಲೆ ಸಂಭಾವನೆ ಕೂಡುವ ಭಾಷೆಯವರಿಗೆ ಅದು ಅಸಹಜವೆನಿಸದು. 'ಮೇ ಹ್ಯಾವ್ ಕೇಮ್' ಎಂದು ವಿ ತ್ರೀ ಬದಲು ಎರಡನೆಯ ರೂಪ ಬರೆಯುವುದು ಇನ್ನೊಂದು. 'ಬರಬೇಕಿತ್ತು' ಎಂಬುದಕ್ಕೆ 'ಮಸ್ಟ್ ಹ್ಯಾವ್ ಕಮ್' ಬರೆಯುವುದು ಎಲ್ಲಕ್ಕಿಂತ ಹಾನಿಕರ, ಏಕೆಂದರೆ ವಾಕ್ಯ ವ್ಯಾಕರಣದಲ್ಲಿ ಸರಿಯಿದ್ದು ಅರ್ಥ ತಿರುಗಿಬೀಳುತ್ತದೆ: ಬಾರದವನು ಬಂದೇ ಇರಬೇಕು ಎಂದಾಗುತ್ತದೆ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರು ಮಾಡುವ ತಪ್ಪು ಬೇರೆ. 'ಕುಡ್ ಹ್ಯಾವ್' ಮಾತಿನಲ್ಲಿ ಕುಗ್ಗಿ 'ಕುಡವ್' ಎಂದು ಕೇಳಿಸುವುದರಿಂದ ಅವರು 'ಕುಡ್ ಆಫ್' ಎಂದು ಬರೆಯುತ್ತಾರೆ. ಕನ್ನಡ ಮಾಧ್ಯಮದವರು ಈ ತಪ್ಪನ್ನು ಸಾಮಾನ್ಯವಾಗಿ ಮಾಡುವುದಿಲ್ಲ, ಅವರು ಈ ರಚನೆಯನ್ನು ಕಿವಿಯಿಂದಲ್ಲ, ಕಪ್ಪುಹಲಗೆಯಿಂದ ಕಲಿತಿರುತ್ತಾರೆ.

ಅನುವಾದದಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಹಾದಿ ಸುಗಮ. ವಾಕ್ಯದ ಕೊನೆಯಲ್ಲಿ 'ಇತ್ತು' ಇದ್ದರೆ ತಪ್ಪಿದ ಸಂಭಾವನೆ, ಆಗ 'ಕುಡ್ ಹ್ಯಾವ್', 'ಮೈಟ್ ಹ್ಯಾವ್', 'ಶುಡ್ ಹ್ಯಾವ್'. 'ಬಹುದು' ಎಂದಷ್ಟೇ ಮುಗಿದು ಹಿಂದೆ 'ಇರ' ಇದ್ದರೆ ಊಹೆ, ಆಗ 'ಮೇ ಹ್ಯಾವ್'. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ 'ಕುಡ್ ಹ್ಯಾವ್' ಎದುರಾದರೆ ಅನುವಾದಕ ಹಿಂದುಮುಂದಿನ ವಾಕ್ಯಗಳನ್ನು ಓದದೆ ಒಂದು ಪದವನ್ನೂ ಬರೆಯಲಾರ.